ಹೊಸ ಮನೆಯ ಕರೆಂಟ್ ಲೆಕ್ಕ: ಒಂದು ಅಭ್ಯಾಸ ಪಾಠ

ತರಗತಿ: 10. ಘಟಕ: ವಿದ್ಯುಚ್ಛಕ್ತಿ. ಅವಧಿ: ಎರಡು ಪಿರಿಯಡ್.

ಉದ್ದೇಶ: ಹೊಸ ಮನೆಯೊಂದರ ತಿಂಗಳ ಬಳಕೆಯನ್ನು ಯೂನಿಟ್‌ನಲ್ಲಿ ಲೆಕ್ಕ ಹಾಕುವುದು, ಉಳಿತಾಯದ ಕ್ರಮಗಳಲ್ಲಿ ಮನೆ ಕಟ್ಟುವಾಗಲೇ ಆಗಬೇಕಾದವನ್ನೂ ಆಮೇಲೆ ಆಗುವಂಥವನ್ನೂ ಬೇರ್ಪಡಿಸುವುದು.

ಭೇರ್ಯದಲ್ಲಿ ಈ ಪಾಠ ಮಾಡುವಾಗ ಪೀಠಿಕೆಯಲ್ಲೇ ಒಬ್ಬ ಹುಡುಗ ಕೇಳಿದ: “ಕರೆಂಟ್ ಫ್ರೀ ಅಲ್ವಾ ಮಿಸ್, ಯಾಕೆ ಉಳಿಸ್ಬೇಕು?” ಆ ಪ್ರಶ್ನೆಯನ್ನೇ ಕಪ್ಪುಹಲಗೆಯ ಮೇಲೆ ಬರೆದೆ. 2023ರಲ್ಲಿ ಗೃಹಜ್ಯೋತಿ ಜಾರಿಗೆ ಬಂದಾಗ ಹಳೆಯ ಮನೆಗೆ ಅದರದೇ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಉಚಿತ ಮಿತಿ ನಿಗದಿಯಾಯಿತು. ಹೊಸ ಮನೆಗೆ ಹಿಂದಿನ ಬಳಕೆ ಇಲ್ಲ. ಆದ್ದರಿಂದ ರಾಜ್ಯದ ಸರಾಸರಿ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್. ಮಿತಿ ಮೀರಿದರೆ ಮೀರಿದಷ್ಟಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್.

ಚಟುವಟಿಕೆ 1: ವ್ಯಾಟ್ × ಗಂಟೆ × 30 ÷ 1000. ಮಕ್ಕಳು ಗುಂಪಿನಲ್ಲಿ ಲೆಕ್ಕ ಮಾಡಿದರು.

75 ವ್ಯಾಟ್‌ನ 3 ಫ್ಯಾನ್, ದಿನಕ್ಕೆ 10 ಗಂಟೆ: 67.5 ಯೂನಿಟ್.
30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಆದರೆ: 27 ಯೂನಿಟ್.
9 ವ್ಯಾಟ್‌ನ 6 ಎಲ್‌ಇಡಿ ಬಲ್ಬ್, 5 ಗಂಟೆ: 8.1 ಯೂನಿಟ್.
ಫ್ರಿಜ್‌ನ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ 180 ಯೂನಿಟ್ ಎಂದಿದ್ದರೆ ತಿಂಗಳಿಗೆ: 15 ಯೂನಿಟ್.

ಹಳೆಯ ಬಗೆಯ ಫ್ಯಾನುಗಳೇ 58 ದಾಟಿಸುತ್ತವೆ. ಹೊಸವಾದರೆ ಮೂರೂ ಬಾಬ್ತು ಸೇರಿ 50.1. ಹುಡುಗನಿಗೆ ಉತ್ತರ ಅವನ ನೋಟ್‌ಬುಕ್‌ನಲ್ಲೇ ಸಿಕ್ಕಿತು.

ಚಟುವಟಿಕೆ 2: ಫ್ಯಾನ್ ಅಷ್ಟು ಹೊತ್ತು ಏಕೆ ತಿರುಗಬೇಕು? ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳನ್ನು ಮಕ್ಕಳು ಬಲ್ಲರು. ಶಾಖ ಹಿಡಿದಿಡುವುದು ಬ್ಯಾರನ್‌ನ ಕೆಲಸ. ಮನೆಯ ಕೆಲಸ ಅದಲ್ಲ. ಬಿಸಿಲಲ್ಲಿ ಕಾದ ಆರ್‌ಸಿಸಿ ಛಾವಣಿ ಸಂಜೆಯ ಮೇಲೂ ಒಳಕ್ಕೆ ಶಾಖ ಬಿಡುತ್ತದೆ.

ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಸಿದ್ಧಪಡಿಸಿದ ಇಕೋ ನಿವಾಸ್ ಸಂಹಿತೆ 2018ರ ಪ್ರಕಾರ ಛಾವಣಿಯ ಯು-ಮೌಲ್ಯ 1.2 ಮೀರಬಾರದು. ಅಂದರೆ, ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸವಿದ್ದಾಗ 1 ಚದರ ಮೀಟರ್ ಛಾವಣಿಯಿಂದ ಇಳಿಯುವ ಶಾಖ 1.2 ವ್ಯಾಟ್ ಮೀರಬಾರದು. ಬರಿಯ ಕಾಂಕ್ರೀಟ್ ಛಾವಣಿಯದು 3ಕ್ಕೂ ಹೆಚ್ಚು. 20 ಚದರ ಮೀಟರ್ ಕೋಣೆ, 10 ಡಿಗ್ರಿ ವ್ಯತ್ಯಾಸ ಎಂದುಕೊಂಡರೆ 3 × 20 × 10 = 600 ವ್ಯಾಟ್; 1.2 ಇದ್ದರೆ 240 ವ್ಯಾಟ್. ಬಲ್ಬಿನ ವ್ಯಾಟೂ ಛಾವಣಿಯ ವ್ಯಾಟೂ ಒಂದೇ ಏಕಮಾನ ಎಂಬುದು ಈ ಪಾಠದ ತಿರುಳು.

ಪ್ರಯೋಗ: ಒಂದೇ ಅಳತೆಯ ಎರಡು ರಟ್ಟಿನ ಪೆಟ್ಟಿಗೆಗಳಿಗೆ ತಗಡು ಮುಚ್ಚಿ, ಒಂದಕ್ಕೆ ಕಪ್ಪು, ಇನ್ನೊಂದಕ್ಕೆ ಸುಣ್ಣ ಬಳಿದು ಬಿಸಿಲಲ್ಲಿಡಿ. ಒಳಗಿನ ತಾಪವನ್ನು 10 ನಿಮಿಷಕ್ಕೊಮ್ಮೆ ಬರೆಸಿ. ಸುಣ್ಣ ಯು-ಮೌಲ್ಯವನ್ನು ಬದಲಿಸುವುದಿಲ್ಲ. ಮೇಲ್ಮೈ ಕಾಯುವುದನ್ನು ತಗ್ಗಿಸುತ್ತದೆ. ಈ ವ್ಯತ್ಯಾಸವನ್ನು ಪ್ರಶ್ನೆ ಕೇಳಿಯೇ ಹೊರಡಿಸಬೇಕು.

ಮೌಲ್ಯಮಾಪನ: ಕಿಟಕಿಯ ದಿಕ್ಕು, ಸಜ್ಜೆಯ ಅಗಲ, ಛಾವಣಿಯ ಶಾಖ ತಡೆ ಪದರ, ಸುಣ್ಣ, ಫ್ಯಾನ್, ಬಲ್ಬ್ ಇವನ್ನು ‘ಕಟ್ಟುವಾಗಲೇ’, ‘ಆಮೇಲೂ’ ಎಂಬ ಎರಡು ಪಟ್ಟಿಗಳಲ್ಲಿ ಬರೆಯಿರಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ: ಮನೆಗೆಲಸವಾಗಿ ಬಿಲ್ ತರಿಸುವಾಗ ಯೂನಿಟ್ ಮಾತ್ರ ಬರೆದು ತರಲು ಹೇಳಿ, ಹೆಸರು, ಮೊತ್ತ ಬೇಡ. ತರಗತಿಯಲ್ಲಿ ಮನೆ ಕಟ್ಟುತ್ತಿರುವವರ ಮಕ್ಕಳಿದ್ದರೆ ಮೊದಲ ಪಟ್ಟಿಯನ್ನು ಮನೆಯಲ್ಲಿ ತೋರಿಸಲು ಹೇಳಿ. ಫ್ಯಾನನ್ನು ಮುಂದಿನ ವರ್ಷವೂ ಬದಲಿಸಬಹುದು. ಕಿಟಕಿಯ ದಿಕ್ಕನ್ನು ಬದಲಿಸಲಾಗದು.