ಮನೆತನದ ಕಾಲು

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಒದ್ದೆ ಕಾಲಲ್ಲಿ ನಡೆದರೆ ನೆಲದ ಮೇಲೆ ಬೆರಳು, ಹಿಮ್ಮಡಿ ಮಾತ್ರ ಮೂಡುತ್ತವೆ. ಪದೇ ಪದೇ ಎಡವುತ್ತಾನೆ, ಕಾಲು ಉಳುಕಿಸಿಕೊಳ್ಳುತ್ತಾನೆ. ಹವಾಯಿ ಚಪ್ಪಲಿ ಕಾಲಿಂದ ಜಾರಿ ಹಿಂದೆ ಬಿದ್ದರೂ ಅವನಿಗೆ ಗೊತ್ತಾಗುವುದಿಲ್ಲ. ನಮ್ಮವರ ಪಾದವೂ ಹೀಗೇ ಇದೆ. ‘ಇದು ನಮ್ಮ ಮನೆತನದ ಕಾಲು, ಬಿಡು’ ಎನ್ನುತ್ತಾರೆ ನಮ್ಮತ್ತೆ. ಬಿಡಬಹುದೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಬಿಡಬೇಡಿ ತಾಯಿ. ಪಾದದ ಕಮಾನು ಎತ್ತರವಿದ್ದವರಿಗೆಲ್ಲ ಕಾಯಿಲೆ ಇರುತ್ತದೆಂದಲ್ಲ. ಆದರೆ ಎಡವುವುದು, ಉಳುಕುವುದು, ಚಪ್ಪಲಿ ಜಾರಿದ್ದು ತಿಳಿಯದಿರುವುದು, ಜೊತೆಗೆ ತಂದೆಗೂ ಅದೇ ಪಾದ ಎಂದಾಗ ಮೊದಲು ಅನುಮಾನ ಬರುವುದು ಷಾರ್ಕೋ-ಮೇರಿ-ಟೂತ್ ಎಂಬ ನರದ ಕಾಯಿಲೆಯ ಮೇಲೆ. 1886ರಲ್ಲಿ ಇದನ್ನು ವಿವರಿಸಿದ ಮೂವರು ವೈದ್ಯರ ಹೆಸರು ಅದಕ್ಕಿದೆ. ಸುಮಾರು 2,500 ಜನರಲ್ಲಿ ಒಬ್ಬರಿಗೆ ಬರುತ್ತದೆಂಬ ಅಂದಾಜಿದೆ.

ಮೈಯಲ್ಲಿ ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು. ಮೊದಲು ಸೋಲುವುದೂ ಅವೇ. ಪಾದವನ್ನು ಮೇಲೆತ್ತುವ ಸ್ನಾಯು ಸೊರಗುತ್ತದೆ, ಅದರ ಎದುರಿನದು ಬಲವಾಗಿಯೇ ಉಳಿದು ಎಳೆಯುತ್ತದೆ. ಬೆಳೆಯುವ ಮಗುವಿನಲ್ಲಿ ಮೂಳೆಯೇ ಆ ಎಳೆತಕ್ಕೆ ಬಾಗಿ ಕಮಾನು ಏರುತ್ತದೆ, ಬೆರಳು ಮುದುರುತ್ತವೆ. ಮಗನನ್ನು ಬರೀ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ. ಆಗದಿದ್ದರೆ ತಡಮಾಡದೆ ನರರೋಗ ತಜ್ಞರ ಬಳಿ ಹೋಗಿ.

ಯಜಮಾನರೂ ಜೊತೆಗೆ ಹೋಗಲಿ. ವೈದ್ಯರಿಗೆ ಅವರ ಪಾದವೇ ದೊಡ್ಡ ಸುಳಿವು. ಈ ಕಾಯಿಲೆಯ ಹೆಚ್ಚು ಕಾಣುವ ಬಗೆಯಲ್ಲಿ, 17ನೇ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯ ಪ್ರತಿ ಹೆಚ್ಚಾಗಿರುತ್ತದೆ. ಅದು ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಒಂದೇ ಮನೆಯಲ್ಲಿ ಒಬ್ಬರಿಗೆ ಬರೀ ಕಮಾನು, ಇನ್ನೊಬ್ಬರಿಗೆ ನಡೆಯುವುದೇ ಕಷ್ಟ, ಹೀಗೂ ಆಗುತ್ತದೆ. ನರಗಳ ವಹನ ಪರೀಕ್ಷೆ, ಆಮೇಲೆ ರಕ್ತದ ವಂಶವಾಹಿ ಪರೀಕ್ಷೆ ಮಾಡುತ್ತಾರೆ.

ಬುಡದಿಂದ ಗುಣಪಡಿಸುವ ಔಷಧಿ ಇಲ್ಲ. ಆದರೆ ವ್ಯಾಯಾಮ, ಕಣಕಾಲಿನ ಪಟ್ಟಿ, ಬೇಕಾದರೆ ಶಸ್ತ್ರಚಿಕಿತ್ಸೆಯಿಂದ ನಡಿಗೆ ಬಹಳ ಸುಧಾರಿಸುತ್ತದೆ. ಸಾಮಾನ್ಯವಾಗಿ ಆಯಸ್ಸಿಗೂ ಬುದ್ಧಿಗೂ ತೊಂದರೆಯಿಲ್ಲ. ಕಾಯಿಲೆ ಖಚಿತವಾದರೆ ಅದನ್ನು ಎಲ್ಲ ವೈದ್ಯರಿಗೂ ಹೇಳಬೇಕು. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಇಂಥವರ ನರಗಳಿಗೆ ತೀವ್ರ ಹಾನಿ ಮಾಡಬಲ್ಲದು.

ತೂರಾಡುವ ನಡಿಗೆ, ತೊದಲು ಮಾತು ಇದ್ದರೆ ಫ್ರೀಡ್ರೈಕ್ ಅಟಾಕ್ಸಿಯಾ ಎಂಬ ಇನ್ನೊಂದು ನರದ ಕಾಯಿಲೆಯನ್ನೂ ಯೋಚಿಸಬೇಕು. ಅದಕ್ಕೆ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬರಬೇಕು. ಹಾಗಾಗಿ ನಿಮ್ಮದು ಸಂಬಂಧದೊಳಗಿನ ಮದುವೆಯಾಗಿದ್ದರೆ ವೈದ್ಯರಿಗೆ ಹೇಳಿ. ಅದರಲ್ಲಿ ಹೃದಯದ ಪರೀಕ್ಷೆಯೂ ಆಗಬೇಕು.

ಪ್ರಶ್ನೆ: ನನ್ನ ಎಡಪಾದದ ಕಮಾನು ಮಾತ್ರ ಈಚೆಗೆ ಏರುತ್ತಿದೆ. ಮನೆಯಲ್ಲಿ ಯಾರಿಗೂ ಇಲ್ಲ.
— ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಒಂದೇ ಕಡೆ ಹೀಗಾದರೆ ಮೊದಲು ನೋಡಬೇಕಾದ್ದು ಬೆನ್ನುಹುರಿಯನ್ನು. ಅಲ್ಲಿ ಗಂಟೋ ಸೆಳೆತವೋ ಇರಬಹುದು. ಈ ವಾರವೇ ವೈದ್ಯರನ್ನು ಕಂಡು, ಬೆನ್ನಿನ ಎಂಆರ್‌ಐ ಬೇಕೇ ಎಂದು ಕೇಳಿ. ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ.