ಬ್ರ್ಯಾಂಡ್ ಬದಲಿಸುವ ಮುನ್ನ ಬ್ಯಾಗ್ ಬಿಚ್ಚಿ ನೋಡಿ

ಡಿಎಸ್‌ಎಲ್‌ಆರ್ ಹಳತಾಯಿತು, ಹೊಸ ಕ್ಯಾಮೆರಾ ಕೊಳ್ಳಬೇಕು ಅನ್ನುವಾಗ ಬಹಳ ಮಂದಿ ಕೇಳುವುದು ಒಂದೇ ಪ್ರಶ್ನೆ: ‘ನಿಕಾನ್ ಬಿಟ್ಟು ಸೋನಿಗೆ ಹೋಗಲೇ? ಕ್ಯಾನನ್ ಬಿಟ್ಟು ನಿಕಾನ್‌ಗೆ ಬರಲೇ?’ ಜೊತೆಯಲ್ಲಿ ಸಫಾರಿಗೆ ಬಂದವರ ಕ್ಯಾಮೆರಾ ಹಾರುವ ಹಕ್ಕಿಯ ಕಣ್ಣನ್ನೇ ಹಿಡಿದು ಫೋಕಸ್ ಮಾಡಿದ್ದನ್ನು ಕಂಡಿರುತ್ತಾರೆ. ಇಲ್ಲವೇ ಮದುವೆ ಮಂಟಪದಲ್ಲಿ ಪಕ್ಕದವರ ವಿಡಿಯೊ ನೋಡಿ ಆಸೆಯಾಗಿರುತ್ತದೆ. ಆಸೆ ತಪ್ಪಲ್ಲ. ಆದರೆ ಎರಡು ಬಾಡಿಗಳ ಬೆಲೆ, ಮೆಗಾಪಿಕ್ಸೆಲ್ ಹೋಲಿಸಿ ಅಷ್ಟಕ್ಕೇ ತೀರ್ಮಾನ ಮಾಡಿಬಿಡುತ್ತಾರೆ. ಸ್ವಂತ ಬ್ಯಾಗಿನಲ್ಲಿರುವ ಲೆನ್ಸ್‌ಗಳ ಲೆಕ್ಕವನ್ನೇ ಹಾಕಿರುವುದಿಲ್ಲ. ಲಕ್ಷಗಟ್ಟಲೆ ಹಣ ಪೋಲಾಗುವುದು ಅಲ್ಲಿ.

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. ನಿಕಾನ್‌ನ ಎಫ್ ಮೌಂಟ್ 1959ರದು, ಕ್ಯಾನನ್‌ನ ಇಎಫ್ ಮೌಂಟ್ 1987ರದು. 2018ರಲ್ಲಿ ಎರಡೂ ಕಂಪನಿಗಳು ಮಿರರ್‌ಲೆಸ್‌ಗಾಗಿ ಹೊಸ ಮೌಂಟ್ ತಂದವು: ನಿಕಾನ್‌ದು ಝಡ್, ಕ್ಯಾನನ್‌ದು ಆರ್‌ಎಫ್. ಸೋನಿ ಅದಕ್ಕೂ ಮೊದಲೇ, 2013ರಲ್ಲಿ, ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಕಾಲಿಟ್ಟಿತ್ತು. ಹಾಗಾಗಿ ಈಗ ಮೇಲಿನ ಮಾದರಿಗೆ ಹೋಗುವುದೆಂದರೆ ಹೆಚ್ಚಿನವರ ಪಾಲಿಗೆ ಮಿರರ್‌ಲೆಸ್‌ಗೆ ಹೋಗುವುದೇ ಆಗಿದೆ. ಅದೇ ಕಂಪನಿಯಲ್ಲಿ ಉಳಿದರೂ ಮೌಂಟ್ ಬದಲಾಗುತ್ತದೆ, ಮಧ್ಯೆ ಅಡಾಪ್ಟರ್ ಬೇಕಾಗುತ್ತದೆ. ‘ಕಂಪನಿ ಅದೇ, ಲೆನ್ಸ್ ಎಲ್ಲ ನಡೆಯುತ್ತದೆ’ ಎಂಬ ಹಳೆಯ ನಂಬಿಕೆ ಈಗ ಅರ್ಧ ಸತ್ಯ.

ಹಂತ 1: ತೊಂದರೆ ಏನು, ಬರೆದುಕೊಳ್ಳಿ

ಕಳೆದ ವರ್ಷ ತೆಗೆದವುಗಳಲ್ಲಿ ನಿಮಗೆ ಸಮಾಧಾನ ಕೊಡದ ಫೋಟೊಗಳನ್ನು ಒಂದು ಫೋಲ್ಡರ್‌ಗೆ ಹಾಕಿ. ಒಂದೊಂದಕ್ಕೂ ಕಾರಣ ಬರೆಯಿರಿ: ಫೋಕಸ್ ತಪ್ಪಿದೆ, ಕೈ ಅಲುಗಿದೆ, ಕತ್ತಲಲ್ಲಿ ಕಾಳುಕಾಳಾಗಿದೆ, ಹಕ್ಕಿ ದೂರವಾಯಿತು.

ಕತ್ತಲಿನದೇ ದೂರು, ಇರುವುದು ಕಿಟ್ ಲೆನ್ಸ್ ಎಂದಾದರೆ ಬಾಡಿಯನ್ನು ದೂರಬೇಡಿ. ಜೂಮ್ ಮಾಡಿದಾಗ 18-55ರ ಬಾಯಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂ ಎಫ್/1.8 ಲೆನ್ಸ್ ಅದರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಬ್ರ್ಯಾಂಡ್ ಬದಲಿಸುವ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಈ ದೂರು ತೀರುತ್ತದೆ. ಫೋಕಸ್ ಯಾವಾಗಲೂ ಸ್ವಲ್ಪ ಹಿಂದೆಯೋ ಮುಂದೆಯೋ ಬೀಳುತ್ತಿದ್ದರೆ ಮೆನುವಿನಲ್ಲಿ ಫೋಕಸ್ ಹೊಂದಾಣಿಕೆಯ ಆಯ್ಕೆ ಇದೆಯೇ ನೋಡಿ. ಕೆಳದರ್ಜೆಯ ಮಾದರಿಗಳಲ್ಲಿ ಅದು ಇರುವುದಿಲ್ಲ, ಅಂಥವನ್ನು ಸರ್ವೀಸ್ ಸೆಂಟರ್‌ಗೆ ಕೊಡಬೇಕು.

ಹಂತ 2: ಇರುವುದರ ಪಟ್ಟಿ ಮಾಡಿ

ಎಲ್ಲ ಲೆನ್ಸ್ ಮೇಜಿನ ಮೇಲಿಡಿ. ಪ್ರತಿಯೊಂದರ ಪೂರ್ತಿ ಹೆಸರು ಬರೆಯಿರಿ, ಅದರಲ್ಲಿರುವ ಅಕ್ಷರಗಳನ್ನು ಬಿಡಬೇಡಿ. ನಿಕಾನ್‌ನ ಡಿಎಕ್ಸ್, ಕ್ಯಾನನ್‌ನ ಇಎಫ್-ಎಸ್, ಸಿಗ್ಮಾದ ಡಿಸಿ, ಟ್ಯಾಮ್ರಾನ್‌ನ ಡಿಐ 2 ಎಂದಿದ್ದರೆ ಅವು ಕ್ರಾಪ್ ಸೆನ್ಸರ್‌ಗಾಗಿ ಮಾಡಿದ ಲೆನ್ಸ್‌ಗಳು. ಸಿಗ್ಮಾದ ಡಿಜಿ, ಟ್ಯಾಮ್ರಾನ್‌ನ ಡಿಐ ಎಂದಿದ್ದರೆ ಫುಲ್ ಫ್ರೇಮ್‌ಗೂ ಆಗುತ್ತವೆ.

ಕ್ಯಾನನ್‌ನವರಿಗೆ ಇಲ್ಲಿ ನೆಮ್ಮದಿ ಇದೆ. ಕಂಪನಿಯ ಅಡಾಪ್ಟರ್ ಹಾಕಿದರೆ ಇಎಫ್, ಇಎಫ್-ಎಸ್ ಲೆನ್ಸ್‌ಗಳೆಲ್ಲ ಆರ್ ಸರಣಿಯ ಬಾಡಿಗಳಲ್ಲಿ ಆಟೊಫೋಕಸ್ ಆಗುತ್ತವೆ. ನಿಕಾನ್‌ನವರು ಎಚ್ಚರ ವಹಿಸಬೇಕು. ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳು ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಚೆನ್ನಾಗಿ ನಡೆಯುತ್ತವೆ. ಆದರೆ 50 ಎಂಎಂ ಎಫ್/1.8ಡಿ, 85 ಎಂಎಂ ಎಫ್/1.8ಡಿ, 80-200 ಎಫ್/2.8ಡಿ ಥರದ ಹಳೆಯ ಡಿ ಲೆನ್ಸ್‌ಗಳ ಒಳಗೆ ಮೋಟರ್ ಇಲ್ಲ, ಅವನ್ನು ತಿರುಗಿಸುತ್ತಿದ್ದದ್ದು ಬಾಡಿಯಲ್ಲಿದ್ದ ಮೋಟರ್. ಎಫ್‌ಟಿಝಡ್‌ನಲ್ಲಿ ಆ ಮೋಟರ್ ಇಲ್ಲದ ಕಾರಣ ಈ ಲೆನ್ಸ್‌ಗಳನ್ನು ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಮದುವೆ ಕೆಲಸದಲ್ಲಿ ಅದು ಆಗದ ಮಾತು. ಬ್ಯಾಗಿನ ತುಂಬ ಡಿ ಲೆನ್ಸ್‌ಗಳೇ ಇರುವವರಿಗೆ ನಿಕಾನ್‌ನಲ್ಲೇ ಉಳಿಯುವುದರಿಂದ ಆಗುವ ಲಾಭ ಬಹಳ ಕಡಿಮೆ. ಅಂಥವರು ಬೇರೆ ಬ್ರ್ಯಾಂಡ್ ಕಡೆ ಧೈರ್ಯವಾಗಿ ನೋಡಬಹುದು.

ಫ್ಲ್ಯಾಶ್, ಟ್ರಿಗರ್, ಬ್ಯಾಟರಿ, ಕಾರ್ಡ್ ಕೂಡ ಪಟ್ಟಿಗೆ ಸೇರಲಿ. ಒಂದು ಬ್ರ್ಯಾಂಡಿನ ಟಿಟಿಎಲ್ ಫ್ಲ್ಯಾಶ್ ಇನ್ನೊಂದರ ಮೇಲೆ ಕೂತರೆ ಮ್ಯಾನುಯಲ್ ಆಗಿ ಮಾತ್ರ ಬೆಳಗುತ್ತದೆ. ಗೊಡಾಕ್ಸ್‌ನ ಎಕ್ಸ್ ಸರಣಿ ಇಟ್ಟುಕೊಂಡವರು ಟ್ರಿಗರ್ ಒಂದನ್ನು ಬದಲಿಸಿದರೆ ಸಾಕು, ಸ್ಟ್ಯಾಂಡ್ ಮೇಲಿನ ಫ್ಲ್ಯಾಶ್‌ಗಳು ಹಾಗೇ ನಡೆಯುತ್ತವೆ.

ಹಂತ 3: ಫುಲ್ ಫ್ರೇಮ್ ಬೇಕೇ ಎಂಬುದನ್ನು ಬೇರೆಯಾಗಿ ತೀರ್ಮಾನಿಸಿ

ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇಲ್ಲಿಯದು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಕ್ರಾಪ್‌ನಿಂದ ಫುಲ್ ಫ್ರೇಮ್‌ಗೆ ಹೋಗುವುದು ಒಂದು ತೀರ್ಮಾನ, ಬ್ರ್ಯಾಂಡ್ ಬದಲಿಸುವುದು ಇನ್ನೊಂದು. ಎರಡನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ತೆಗೆದುಕೊಂಡವರಿಗೆ ಆಮೇಲೆ ಯಾವುದು ಸರಿಯಾಯಿತು, ಯಾವುದು ಕೆಟ್ಟಿತು ಎಂದೇ ಗೊತ್ತಾಗುವುದಿಲ್ಲ.

ಫುಲ್ ಫ್ರೇಮ್ ಸೆನ್ಸರ್ ಸುಮಾರು 36×24 ಮಿ.ಮೀ. ಕ್ರಾಪ್ ಸೆನ್ಸರ್ ಉದ್ದಗಲದಲ್ಲಿ ಅದಕ್ಕಿಂತ ಚಿಕ್ಕದು: ನಿಕಾನ್, ಸೋನಿಯಲ್ಲಿ 1.5 ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು. ಕ್ರಾಪ್‌ಗಾಗಿ ಮಾಡಿದ ಲೆನ್ಸ್ ಬೀಳಿಸುವ ಬೆಳಕಿನ ವೃತ್ತವೂ ಚಿಕ್ಕದು, ಫುಲ್ ಫ್ರೇಮಿನ ಮೂಲೆಗಳಿಗೆ ಅದು ಮುಟ್ಟುವುದಿಲ್ಲ. ಅದಕ್ಕೇ ಅಂಥ ಲೆನ್ಸ್ ಹಾಕಿದ ಕೂಡಲೇ ಹೊಸ ಕ್ಯಾಮೆರಾ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತದೆ. 20 ಮೆಗಾಪಿಕ್ಸೆಲ್‌ನ ಕ್ಯಾನನ್ ಆರ್6ರಲ್ಲಿ ಇಎಫ್-ಎಸ್ ಲೆನ್ಸ್ ಹಾಕಿದರೆ ಉಳಿಯುವುದು 8 ಮೆಗಾಪಿಕ್ಸೆಲ್‌ಗಿಂತ ಕಡಿಮೆ. 24 ಮೆಗಾಪಿಕ್ಸೆಲ್‌ನ ನಿಕಾನ್ ಝಡ್6 2ರಲ್ಲಿ ಡಿಎಕ್ಸ್ ಲೆನ್ಸ್‌ಗೆ ಸಿಗುವುದು ಸುಮಾರು 10. ಮನೆಯಲ್ಲಿದ್ದ ಡಿ7200 ಅದೇ ಲೆನ್ಸ್‌ನಲ್ಲಿ ಪೂರ್ತಿ 24 ಕೊಡುತ್ತಿತ್ತು! ‘ಈ ಬ್ರ್ಯಾಂಡೇ ಸರಿಯಿಲ್ಲ’ ಎಂದು ಹೀಗೆ ಕೊಂಡವರು ಮತ್ತೆ ಮಾರಲು ಹೊರಡುತ್ತಾರೆ. ಬ್ರ್ಯಾಂಡ್ ಏನೂ ತಪ್ಪು ಮಾಡಿಲ್ಲ, ಸೆನ್ಸರಿಗೆ ಲೆನ್ಸ್ ಹೊಂದಿಲ್ಲ ಅಷ್ಟೆ.

ಹಕ್ಕಿ, ಪ್ರಾಣಿ ತೆಗೆಯುವವರಿಗೆ ಪೆಟ್ಟು ಇನ್ನೂ ಜೋರು. ಡಿಎಕ್ಸ್ ಬಾಡಿಯಲ್ಲಿ 500 ಎಂಎಂ ಲೆನ್ಸ್ ಕೊಡುವ ನೋಟ ಫುಲ್ ಫ್ರೇಮಿನಲ್ಲಿ 750 ಎಂಎಂಗೆ ಸಮ. ಅದೇ ಲೆನ್ಸನ್ನು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್‌ಗೆ ಹಾಕಿ ರಂಗನತಿಟ್ಟಿನ ದೋಣಿಯಲ್ಲಿ ಕುಳಿತರೆ ಆಚೆ ನಡುಗಡ್ಡೆಯ ಕೊಕ್ಕರೆ ಚೌಕಟ್ಟಿನಲ್ಲಿ ಚಿಕ್ಕದಾಗಿಬಿಡುತ್ತದೆ, ಕತ್ತರಿಸಿ ದೊಡ್ಡದು ಮಾಡಿದರೆ ಪಿಕ್ಸೆಲ್ ಸಾಲದು. ನಿಕಾನ್ ಡಿ500 ಬಳಸಿದವರು ಅಷ್ಟೇ ವಿವರ ಬೇಕೆಂದರೆ 45 ಮೆಗಾಪಿಕ್ಸೆಲ್‌ನ ಡಿ850 ಅಥವಾ ಝಡ್8ರ ಮಟ್ಟಕ್ಕೆ ಹೋಗಬೇಕು. ಕ್ಯಾನನ್ 80ಡಿ ಇಟ್ಟುಕೊಂಡ ವನ್ಯಜೀವಿ ಹವ್ಯಾಸಿಗೆ ನನ್ನ ಸಲಹೆ ಕ್ರಾಪ್ ಸೆನ್ಸರಿನ ಆರ್7. ಅದರಲ್ಲಿ 32 ಮೆಗಾಪಿಕ್ಸೆಲ್ ಇದೆ, ಹಳೆಯ ಲೆನ್ಸ್‌ಗಳು ಅಡಾಪ್ಟರ್ ಮೇಲೆ ಯಾವ ಕತ್ತರಿಯೂ ಬೀಳದೆ ನಡೆಯುತ್ತವೆ.

ಮಂಟಪದ ಒಳಗೆ ಮಂದ ಬೆಳಕಿನಲ್ಲಿ ಕೆಲಸ ಮಾಡುವವರಿಗೆ ಫುಲ್ ಫ್ರೇಮ್ ನಿಜಕ್ಕೂ ಉಪಕಾರಿ. ಅವರು ಕೊಳ್ಳಲಿ. ಆದರೆ ಬಜೆಟ್‌ನಲ್ಲಿ ಬಾಡಿಯ ಜೊತೆಗೇ ಒಂದಾದರೂ ಫುಲ್ ಫ್ರೇಮ್ ಲೆನ್ಸ್‌ನ ಹಣ ಎತ್ತಿಡಲಿ.

ಹಂತ 4: ಎರಡು ಲೆಕ್ಕ ಪಕ್ಕಪಕ್ಕದಲ್ಲಿ ಬರೆಯಿರಿ

ಎಡಕ್ಕೆ ಉಳಿಯುವ ಲೆಕ್ಕ: ಹೊಸ ಬಾಡಿ, ಅಡಾಪ್ಟರ್, ನಡೆಯದ ಲೆನ್ಸ್‌ಗಳಿಗೆ ಬದಲಿ. ಇದರಲ್ಲಿ ಹಳೆಯ ಬಾಡಿಗೂ ನಡೆಯದ ಲೆನ್ಸ್‌ಗಳಿಗೂ ಸಿಗುವ ಹಣ ಕಳೆಯಿರಿ.

ಬಲಕ್ಕೆ ಹೋಗುವ ಲೆಕ್ಕ: ಹೊಸ ಬಾಡಿ, ಈಗಿರುವ ಪ್ರತಿ ಲೆನ್ಸ್‌ಗೂ ಸಮನಾದ ಹೊಸ ಲೆನ್ಸ್, ಫ್ಲ್ಯಾಶ್ ಅಥವಾ ಟ್ರಿಗರ್, ಹೆಚ್ಚುವರಿ ಬ್ಯಾಟರಿ, ಕಾರ್ಡ್. ಇದರಲ್ಲಿ ಹಳೆಯದೆಲ್ಲ ಮಾರಿದರೆ ಸಿಗುವ ಹಣ ಕಳೆಯಿರಿ.

ಕೊಂಡ ಬೆಲೆಯನ್ನು ಮರೆತುಬಿಡಿ. ಇವತ್ತು ಸೆಕೆಂಡ್ ಹ್ಯಾಂಡ್ ಅಂಗಡಿಯವರು ಕೈಗೆ ಕೊಡುವ ಹಣವಷ್ಟೇ ಲೆಕ್ಕ. ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಡಿಎಸ್‌ಎಲ್‌ಆರ್ ಲೆನ್ಸ್‌ಗಳಿಗೆ ಮೊದಲಿನ ಬೆಲೆ ಇಲ್ಲ. ಮಲೆನಾಡು, ಕರಾವಳಿಯವರು ಬೆಲೆ ಕೇಳುವ ಮೊದಲು ಲೆನ್ಸ್‌ನ ಎರಡೂ ಕಡೆಯಿಂದ ಟಾರ್ಚ್ ಬಿಟ್ಟು ನೋಡಬೇಕು. ಮಳೆಗಾಲದಲ್ಲಿ ಬೀರುವಿನೊಳಗೆ ಮುಚ್ಚಿಟ್ಟ ಲೆನ್ಸ್‌ನಲ್ಲಿ ಜೇಡರ ಬಲೆಯಂಥ ಫಂಗಸ್ ಎಳೆಗಳು ಕಂಡರೆ ಅದರ ಬೆಲೆ ಬಹಳಷ್ಟು ಇಳಿಯುತ್ತದೆ.

ನನ್ನ ಅಭಿಪ್ರಾಯ ಇದು: ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಒಂದು ಒಳ್ಳೆಯ ಲೆನ್ಸ್‌ನ ಬೆಲೆಯಷ್ಟಿದ್ದರೆ, ಉಳಿಯಿರಿ, ಆ ಹಣದಲ್ಲಿ ಲೆನ್ಸ್ ಕೊಳ್ಳಿ. ಫೋಟೊದಲ್ಲಿ ಕಾಣುವ ಬದಲಾವಣೆ ಅದರಿಂದಲೇ ಹೆಚ್ಚು. ಬ್ಯಾಗಿನಲ್ಲಿ ಕಿಟ್ ಲೆನ್ಸ್ ಮತ್ತು 50 ಎಂಎಂ ಮಾತ್ರ ಇದ್ದರೆ ಕಳೆದುಕೊಳ್ಳುವುದು ಏನೂ ಇಲ್ಲ, ಮನಸ್ಸಿಗೆ ಒಪ್ಪುವ ಬ್ರ್ಯಾಂಡ್‌ಗೆ ಹೋಗಿ.

ಹಂತ 5: ಮುಂದೆ ಕೊಳ್ಳುವ ಲೆನ್ಸ್ ಸಿಗುತ್ತದೆಯೇ?

ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳನ್ನು ನೆಚ್ಚಿಕೊಂಡವರಿಗೆ ಇದು ಮುಖ್ಯ. ಸೋನಿಯ ಇ ಮೌಂಟ್‌ಗೆ ಇವುಗಳ ಆಯ್ಕೆ ಅತಿ ದೊಡ್ಡದು. ಕ್ಯಾನನ್ ಆರ್‌ಎಫ್‌ಗೆ ಈ ಕಂಪನಿಗಳ ಆಟೊಫೋಕಸ್ ಲೆನ್ಸ್ ಬರಲು ಆರಂಭವಾದದ್ದೇ 2024ರಲ್ಲಿ, ಅದೂ ಕ್ರಾಪ್ ಸೆನ್ಸರಿನ ಲೆನ್ಸ್‌ಗಳಿಂದ. ಬಾಡಿ ಅಗ್ಗವಾಗಿ ಸಿಕ್ಕಿತೆಂದು ಹೋಗಿ, ಆಮೇಲೆ ಕೈಗೆಟಕುವ ಲೆನ್ಸ್ ಇಲ್ಲದೆ ಒದ್ದಾಡಬೇಡಿ. ಒಂದು ಬ್ರ್ಯಾಂಡಿನ ಲೆನ್ಸ್ ಇನ್ನೊಂದರಲ್ಲಿ ನಡೆಸುವ ಅಡಾಪ್ಟರ್‌ಗಳೂ ಇವೆ. ಹವ್ಯಾಸಕ್ಕೆ ಪರವಾಗಿಲ್ಲ, ದುಡ್ಡು ಪಡೆದು ಮಾಡುವ ಕೆಲಸಕ್ಕೆ ಅವನ್ನೇ ನಂಬಬೇಡಿ.

ಹಂತ 6: ಬಾಡಿಗೆಗೆ ತಂದು ಕೆಲಸ ಮಾಡಿ ನೋಡಿ

ಬೆಂಗಳೂರಿನಲ್ಲಿ ಬಾಡಿ, ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತವೆ. ಬೇರೆ ಊರಿನವರು ಪರಿಚಿತ ಸ್ಟುಡಿಯೊದವರನ್ನು ಕೇಳಿ. ಅಂಗಡಿಯ ಕೌಂಟರಿನಲ್ಲಿ ಎರಡು ಕ್ಲಿಕ್ ಮಾಡಿದರೆ ಏನೂ ತಿಳಿಯುವುದಿಲ್ಲ. ನಿಮ್ಮ ಕೆಲಸದ ಜಾಗಕ್ಕೇ ಒಯ್ಯಿರಿ. ನಿಕಾನ್ ಮತ್ತು ಕ್ಯಾನನ್‌ಗಳ ಜೂಮ್ ತಿರುಗುವ ದಿಕ್ಕೇ ವಿರುದ್ಧ, ಲೆನ್ಸ್ ಹಾಕುವ ದಿಕ್ಕೂ ವಿರುದ್ಧ. ಮುಹೂರ್ತದ ಗಳಿಗೆಯಲ್ಲಿ ಕೈ ಹಳೆಯ ಕಡೆಗೇ ತಿರುಗುತ್ತದೆ. ತಂಡವಾಗಿ ಕೆಲಸ ಮಾಡುವವರು ಜೊತೆಯವರ ಬ್ರ್ಯಾಂಡನ್ನೇ ಆರಿಸಿಕೊಳ್ಳುವುದು ಜಾಣತನ: ಲೆನ್ಸ್ ಹಂಚಿಕೊಳ್ಳಬಹುದು, ಆಲ್ಬಮ್ಮಿನಲ್ಲಿ ಮೈಬಣ್ಣವೂ ಒಂದೇ ಥರ ಬರುತ್ತದೆ.

ಬಾಡಿಗೆಯ ಕ್ಯಾಮೆರಾದಲ್ಲಿ ರಾ ಫೈಲ್ ತೆಗೆದು ನಿಮ್ಮ ಕಂಪ್ಯೂಟರಿನಲ್ಲಿ ತೆರೆಯಿರಿ. ಹಳೆಯ ಲೈಟ್‌ರೂಮ್ 6ರಲ್ಲಿ ಈಚಿನ ಕ್ಯಾಮೆರಾಗಳ ರಾ ಫೈಲ್ ತೆರೆಯುವುದಿಲ್ಲ.

ಕೊಳ್ಳುವಾಗ, ಮಾರುವಾಗ

* ಬಿಲ್ ಇರಲಿ, ಕಂಪನಿಯ ಭಾರತದ ವಾರಂಟಿ ಇರಲಿ. ‘ಅಂಗಡಿ ವಾರಂಟಿ’ ಎಂದರೆ ಹಿಂದೆ ಸರಿಯಿರಿ.
* ಸರ್ವೀಸ್ ಸೆಂಟರ್ ನಿಮಗೆ ಎಷ್ಟು ದೂರ ಎಂದು ಕೇಳಿ ತಿಳಿಯಿರಿ.
* ಮಾರುವ ಬಾಡಿಯ ಶಟರ್ ಎಣಿಕೆ ತೆಗೆದಿಡಿ. ನಿಕಾನ್‌ನಲ್ಲಿ ಅದು ಫೋಟೊ ಫೈಲಿನ ವಿವರದಲ್ಲೇ ಸಿಗುತ್ತದೆ.
* ಮದುವೆ ಸೀಸನ್ ನಡುವೆ, ದೂರದ ಸಫಾರಿಯ ಹಿಂದಿನ ವಾರ ಬ್ರ್ಯಾಂಡ್ ಬದಲಿಸಬೇಡಿ.
* ಹೊಸ ಕ್ಯಾಮೆರಾದಲ್ಲಿ ಒಂದು ಪೂರ್ತಿ ಕೆಲಸ ಮುಗಿಸುವವರೆಗೆ ಹಳೆಯ ಬಾಡಿಯನ್ನೂ ಅದರ ಒಂದು ಲೆನ್ಸನ್ನೂ ಮಾರಬೇಡಿ.