ಹಿತ್ತಲಿಗೆ ಹೊಂಗೆಯೋ, ಕನಕಾಂಬರವೋ?

ಕುಣಿಗಲ್ ತಾಲ್ಲೂಕಿನ ಕೆಂಪುಮಣ್ಣಿನ ಹಳ್ಳಿಗಳಲ್ಲಿ ನೀರು ಸಿಗುವ ಹಿತ್ತಲು ಚಿಕ್ಕದಾದರೂ ಬೆಲೆಬಾಳುವ ಜಾಗ. ಅಲ್ಲಿ ಹೊಂಗೆ ನೆಡಬೇಕೇ, ಕನಕಾಂಬರ ಹಾಕಬೇಕೇ ಎಂಬುದನ್ನು ಮೊದಲೇ ಯೋಚಿಸುವುದು ಒಳ್ಳೆಯದು. ಬೆಳೆದ ಮರವನ್ನು ಪಾತಿಯಂತೆ ಬದಲಾಯಿಸಲಾಗದು.

ಹೊಂಗೆ ಹೆಚ್ಚುಕಡಿಮೆ ನಿತ್ಯಹಸುರಿನ ಮರ. ಬೇಸಿಗೆಯ ಆರಂಭದಲ್ಲಿ ಕೆಲವು ದಿನ ಎಲೆ ಉದುರಿಸಿದರೂ ಬೇಗ ಚಿಗುರಿ, ಬಿಸಿಲು ಸುಡುವ ಹೊತ್ತಿಗೆ ದಟ್ಟ ನೆರಳು ಕೊಡುತ್ತದೆ. ಸೊಪ್ಪು ಗದ್ದೆಗೆ ಗೊಬ್ಬರ. ಬೀಜದಿಂದ ಎಣ್ಣೆ, ಹಿಂಡಿ. ಆದರೆ ಬೀಜಕ್ಕೆ ಹಲವು ವರ್ಷ ಕಾಯಬೇಕು. ಬೇರು ಅಗಲಕ್ಕೆ ಹರಡುವುದರಿಂದ ಗೋಡೆ, ಬಾವಿಗಳಿಂದ ದೂರ ನೆಡತಕ್ಕದ್ದು.

ಕನಕಾಂಬರವಾದರೋ ನಾಟಿಯಾದ ಎರಡು ಮೂರು ತಿಂಗಳಲ್ಲೇ ಹೂ ಬಿಡುತ್ತದೆ. ದಿನ ಬಿಟ್ಟು ದಿನ ಬಿಡಿಸಬಹುದು. ಹೂ ಬಲು ಹಗುರ. ಕಿಲೋ ತೂಗಲು ಸಾವಿರಾರು ಹೂ ಬೇಕು. ಮನೆಯ ಹೆಂಗಸರು ಬಿಡಿಸುತ್ತಾರೆಂದು ಆ ದುಡಿಮೆಯನ್ನು ಲೆಕ್ಕದಿಂದ ಬಿಡುವುದು ಸರಿಯಲ್ಲ.

ಇದರ ದೊಡ್ಡ ಶತ್ರು ಸೊರಗು ರೋಗ. ಬೇರಿಗೆ ಜಂತುಹುಳು ತಗುಲಿದ್ದರೆ ಅದು ಇನ್ನೂ ಜೋರು. ಹೂ ಬಿಡುತ್ತಿದ್ದ ಗಿಡಗಳೇ ಒಣಗಿ ಪಾತಿ ಬರಿದಾಗುತ್ತದೆ. ಬಚ್ಚಲ ನೀರು ಬುಡದಲ್ಲಿ ನಿಲ್ಲಗೊಡಬಾರದು. ನಾಟಿಗೆ ಮುಂಚೆ ಹೊಂಗೆ ಅಥವಾ ಬೇವಿನ ಹಿಂಡಿಯನ್ನು ಮಣ್ಣಿಗೆ ಬೆರೆಸಿದರೆ ಜಂತುಹುಳುವಿನ ಹಾವಳಿ ತಗ್ಗುತ್ತದೆ.

ಜಾಗ ಒಂದೇ ಇದ್ದಲ್ಲಿ ಕನಕಾಂಬರಕ್ಕೇ ಕೊಡುವುದು ಲೇಸು. ಹೊಂಗೆಗೆ ಹೊಲದ ಬದುವಿದೆ. ಎರಡಕ್ಕೂ ಎಡೆಯಿದ್ದರೆ ಹೊಂಗೆಯನ್ನು ಪಡುವಣ ಅಂಚಿಗೆ ನೆಟ್ಟು, ಪಾತಿಯನ್ನು ಕೊಂಬೆಗಳ ಹರವಿನಿಂದಾಚೆ ಮಾಡಬೇಕು. ಕನಕಾಂಬರ ತುಸು ನೆರಳನ್ನು ತಾಳುತ್ತದೆ, ದಟ್ಟ ನೆರಳಿನಲ್ಲಿ ಹೂ ಕಡಿಮೆ. ಡೆಲ್ಲಿ ಕನಕಾಂಬರ ಬೀಜ ಕಟ್ಟದು. ಅದರ ಕಡ್ಡಿಗಳನ್ನು ಸೊರಗು ಕಾಣದ ಪಾತಿಯಿಂದಲೇ ತರಬೇಕು.